ಸೆಕೆಂಡ್ ಹ್ಯಾಂಡ್ ಲಿಥಿಯಂ ಬ್ಯಾಟರಿಗೆ ಎಷ್ಟು ಕೊಡಬಹುದು?

ಪ್ರಶ್ನೆ: ಸರ್, ಭೋಸರೀಲಿ ನಮ್ದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಗುರುವಾರ ಮೇಂಟೆನೆನ್ಸ್ ಅಂತ ಕರೆಂಟ್ ತೆಗೀತಾರೆ, ಇನ್ವರ್ಟರ್‌ನ ಹಳೇ ಟ್ಯೂಬ್ಯುಲರ್ ಬ್ಯಾಟರಿ ಈಗ ಅರ್ಧ ಗಂಟೆನೂ ಬರಲ್ಲ. ಪರಿಚಯದವರೊಬ್ರು ಎಲೆಕ್ಟ್ರಿಕ್ ಗಾಡಿಯಿಂದ ತೆಗೆದ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಹಾಕಿ ಮಾಡಿದ 12.8 ವೋಲ್ಟ್ 100 ಎಎಚ್ (ಆಂಪ್-ಅವರ್) ಬ್ಯಾಟರಿ 15 ಸಾವಿರಕ್ಕೆ ಕೊಡ್ತೀನಿ ಅಂತಿದಾರೆ, ಎರಡೇ ವರ್ಷ ಓಡಿರೋದಂತೆ. ಮೀಟರ್ ಇಟ್ಟು 13.2 ವೋಲ್ಟ್ ತೋರಿಸಿದ್ರು. ಹೊಸದಕ್ಕೆ ಅಂಗಡೀಲಿ 24 ಸಾವಿರ ಹೇಳಿದಾರೆ. ತಗೋಬಹುದಾ?
– ಓದುಗರೊಬ್ಬರು, ಭೋಸರಿ, ಪುಣೆ

ಉತ್ತರ: ಈಗಲೇ ಅಡ್ವಾನ್ಸ್ ಕೊಡ್ಬೇಡಿ. ಅವರು ತೋರಿಸಿದ 13.2 ವೋಲ್ಟ್‌ನಿಂದ ಏನೂ ಗೊತ್ತಾಗಲ್ಲ. ಈ ಬ್ಯಾಟರಿ ಒಳಗೆ ಸಾಲಾಗಿ ಜೋಡಿಸಿದ ನಾಲ್ಕು ಸೆಲ್ ಇರತ್ತೆ. ಒಂದೊಂದು ಎಲ್‌ಎಫ್‌ಪಿ ಸೆಲ್ ಫುಲ್ ಚಾರ್ಜ್ ಆದಾಗ 3.65 ವೋಲ್ಟ್ ತನಕ ಹೋಗತ್ತೆ, ಖಾಲಿ ಆಗೋವಾಗ 2.5ಕ್ಕೆ ಬೀಳತ್ತೆ, ಆದ್ರೆ ನಡುವೆ ಹೆಚ್ಚೂಕಡಿಮೆ ಪೂರ್ತಿ ಹೊತ್ತು 3.2, 3.3ರಲ್ಲೇ ನಿಂತಿರತ್ತೆ, ಹಾಗಾಗಿ ಕೆಪ್ಯಾಸಿಟಿ 100 ಎಎಚ್ ಇದ್ದಿದ್ದು ಸವೆದು 60ಕ್ಕೆ ಇಳಿದಿದ್ರೂ ಮೀಟರ್ ಅದೇ 13.2 ತೋರಿಸತ್ತೆ. ಎಮ್ಮೆ ತಗೊಳ್ಳೋರು ಹಾಲು ಕರೆಸಿ ನೋಡ್ತಾರಲ್ಲ, ಇದೂ ಹಾಗೇ, ಖಾಲಿ ಮಾಡಿಸಿಯೇ ನೋಡ್ಬೇಕು.

ಅದಕ್ಕೆ ದೊಡ್ಡ ಮಷೀನ್ ಏನೂ ಬೇಡ. ಕಾರಿನ ಹೆಡ್‌ಲೈಟ್‌ಗೆ ಹಾಕೋ 55 ವ್ಯಾಟ್ ಹ್ಯಾಲೋಜನ್ ಬಲ್ಬ್ ಎರಡು, ಒಂದು ಡಿಸಿ ವ್ಯಾಟ್ ಮೀಟರ್ ಸಾಕು, ಪುಣೆಯ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ತಪಕೀರ್ ಗಲ್ಲಿ ಕಡೆ ಹೋದ್ರೆ ಸಿಗತ್ತೆ. ಬ್ಯಾಟರಿ ಫುಲ್ ಚಾರ್ಜ್ ಮಾಡ್ಸಿ, ಎರಡೂ ಬಲ್ಬ್ ಹಚ್ಚಿ ಬಿಡಿ, ಸುಮಾರು 9 ಆಂಪ್ ಎಳೆಯತ್ತೆ. ಲೇಬಲ್ ಮೇಲೆ ಬರೆದಷ್ಟು ಇದ್ರೆ ಹನ್ನೊಂದು ಗಂಟೆ ಹತ್ತಿರ ಉರೀಬೇಕು, ಏಳೇ ಗಂಟೆ ಉರಿದು ಆರಿಹೋದ್ರೆ ನಿಮ್ಮ ಕೈಗೆ ಬರೋದು 65 ಎಎಚ್ ಅಷ್ಟೇ. ಬಲ್ಬ್ ಕಾಯತ್ತೆ, ಪೇಪರ್ ತುಂಬಿರೋ ನಿಮ್ಮ ಅಂಗಡಿ ಒಳಗೆ ಮಾತ್ರ ಈ ಕೆಲಸ ಬೇಡ, ಹೊರಗೆ ಕಲ್ಲಿನ ಮೇಲೋ ಸಿಮೆಂಟ್ ನೆಲದ ಮೇಲೋ ಇಟ್ಟು ಮಾಡಿ, ಯಾರಾದ್ರೂ ಜೊತೇಲಿ ಇರ್ಲಿ.

ಕೊನೇ ಅರ್ಧ ಗಂಟೆ ಮಾತ್ರ ಅಲ್ಲಿಂದ ಏಳಬೇಡಿ. ಮುಚ್ಚಳ ತೆಗೆಸಿ ನಾಲ್ಕೂ ಸೆಲ್ಲಿನ ವೋಲ್ಟೇಜ್ ಬೇರೆಬೇರೆಯಾಗಿ ನೋಡಿ, ಯಾಕಂದ್ರೆ ಸೆಲ್ಲುಗಳ ಮಧ್ಯೆ ವ್ಯತ್ಯಾಸ ಕಾಣ್ಸೋದೇ ಆಗ. ಮೂರು ಸೆಲ್ 3.1ರಲ್ಲಿ ಇದ್ದು ಒಂದು ಮಾತ್ರ 2.6ಕ್ಕೆ ಕುಸಿದಿದ್ರೆ ಬಿಎಂಎಸ್ (ಬ್ಯಾಟರಿ ಒಳಗೆ ಸೆಲ್ಲುಗಳನ್ನ ಕಾಯೋ ಸರ್ಕ್ಯೂಟ್ ಬೋರ್ಡ್) ಆ ಒಂದು ಸೆಲ್ ನೋಡಿ ಇಡೀ ಬ್ಯಾಟರಿನೇ ಕಟ್ ಮಾಡತ್ತೆ, ಉಳಿದ ಮೂರರಲ್ಲಿ ಚಾರ್ಜ್ ಇದ್ರೂ ನಿಮಗೆ ಸಿಗಲ್ಲ. ಸೆಲ್ ಮೇಲಿನ ಕ್ಯೂಆರ್ ಕೋಡ್ ಕೆರೆದು ಹಾಕಿದ್ರೆ, ಅಥವಾ ನಾಲ್ಕೂ ನಾಲ್ಕು ತರದ್ದಿದ್ರೆ, ಎರಡು ವರ್ಷದ ಮಾತನ್ನ ನಂಬಬೇಡಿ. ಯಾವುದಾದ್ರೂ ಸೆಲ್ ಹೊಟ್ಟೆ ಉಬ್ಬಿದ್ರೆ ಚೌಕಾಸಿನೇ ಬೇಡ, ಸುಮ್ನೆ ವಾಪಸ್ ಬನ್ನಿ, ಫ್ರೀ ಕೊಟ್ರೂ ತರಬೇಡಿ.

ಈಗ ರೇಟಿಗೆ ಬರೋಣ. ಹೊಸದು 12.8 ವೋಲ್ಟ್ ಇಂಟು 100 ಎಎಚ್, ಅಂದ್ರೆ 1280 ವ್ಯಾಟ್-ಅವರ್, 24 ಸಾವಿರಕ್ಕೆ ಲೆಕ್ಕ ಹಾಕಿದ್ರೆ ವ್ಯಾಟ್-ಅವರ್‌ಗೆ 19 ರೂಪಾಯಿ ಹತ್ತಿರ ಬೀಳತ್ತೆ, ಅದೂ ವಾರಂಟಿ ಸಮೇತ. ನಿಮ್ಮ ಟೆಸ್ಟಲ್ಲಿ 65 ಎಎಚ್ ಬಂತು ಅಂದ್ಕೊಳ್ಳಿ, 832 ವ್ಯಾಟ್-ಅವರ್ ಆಯ್ತು, ಅದಕ್ಕೆ 15 ಸಾವಿರ ಕೊಟ್ರೆ 18 ರೂಪಾಯಿ! ಹೆಚ್ಚೂಕಡಿಮೆ ಹೊಸದರ ರೇಟೇ ಕೊಟ್ಟು, ಬಿಲ್ಲಿಲ್ದೆ, ವಾರಂಟಿ ಇಲ್ದೆ ಹಳೇದು ತಂದ ಹಾಗಾಯ್ತು. ನಾನಾದ್ರೆ ಹೊಸದರ ರೇಟಿನ ಅರ್ಧಕ್ಕಿಂತ ಒಂದು ಪೈಸೆ ಜಾಸ್ತಿ ಕೊಡಲ್ಲ, ಗಾಡೀಲಿ ಅದೆಷ್ಟು ಬಿಸಿ ತಿಂದಿದೆ, ಎಷ್ಟು ಸಲ ಪೂರ್ತಿ ಖಾಲಿಯಾಗಿ ಬಿದ್ದಿತ್ತು ಅನ್ನೋದು ಒಂದು ದಿನದ ಟೆಸ್ಟಲ್ಲಿ ಕಾಣಲ್ಲ, ಆ ರಿಸ್ಕ್ ಪೂರ್ತಿ ನಿಮ್ಮ ತಲೆ ಮೇಲೆ. ಹಾಗೆ ನೋಡಿದ್ರೆ 65 ಎಎಚ್‌ಗೆ ಏಳೂವರೆ, ಎಂಟು ಸಾವಿರ ನ್ಯಾಯವಾದ ಬೆಲೆ. 85 ಬಂದ್ರೆ ಹತ್ತು ಸಾವಿರದ ತನಕ ಹೋಗಿ. 15 ಸಾವಿರ ಯಾವ ಲೆಕ್ಕಕ್ಕೂ ಕೂರಲ್ಲ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದ್ರೂ ಹೇಳ್ಲೇಬೇಕು. ಜೆರಾಕ್ಸ್ ಮಷೀನ್ ಬಿಸಿಯಾಗೋವಾಗ ಸಾವಿರ ವ್ಯಾಟ್ ದಾಟೋದು ಮಾಮೂಲಿ, 12 ವೋಲ್ಟ್ ಬ್ಯಾಟರಿಯಿಂದ ಅಷ್ಟು ತೆಗೀಬೇಕಂದ್ರೆ 90, 100 ಆಂಪ್ ಬೇಕಾಗತ್ತೆ. ಆ ಬಾಕ್ಸಲ್ಲಿ 50 ಆಂಪ್ ಬಿಎಂಎಸ್ ಹಾಕಿದ್ರೆ ಮಷೀನ್ ಆನ್ ಮಾಡಿದ ಕೂಡ್ಲೇ ಟ್ರಿಪ್ ಆಗತ್ತೆ, ಬ್ಯಾಟರಿ ಎಷ್ಟೇ ಚೆನ್ನಾಗಿದ್ರೂ ಉಪಯೋಗ ಇಲ್ಲ. ಬಿಎಂಎಸ್ ಎಷ್ಟು ಆಂಪಿಂದು ಅಂತ ಕೇಳಿ, ಬಾಯಿಮಾತು ಬೇಡ, ಬೋರ್ಡ್ ಮೇಲೆ ಬರೆದಿರೋದನ್ನೇ ಓದಿ. ನಿಮ್ಮ ಇನ್ವರ್ಟರಲ್ಲಿ ಲಿಥಿಯಂ ಮೋಡ್ (ಲಿಥಿಯಂ ಬ್ಯಾಟರಿಗೆ ತಕ್ಕ ಹಾಗೆ ಚಾರ್ಜ್ ಮಾಡೋ ಸೆಟ್ಟಿಂಗ್) ಇದ್ಯಾ ಅಂತಾನೂ ನೋಡ್ಕೊಳ್ಳಿ, ಇಲ್ದಿದ್ರೆ ಇನ್ವರ್ಟರ್ ಖರ್ಚೂ ಸೇರತ್ತೆ, ಆಗ ಈ ಹಳೇ ಬ್ಯಾಟರಿ ಎಂಟು ಸಾವಿರಕ್ಕೂ ದುಬಾರಿನೇ.