ಮಡಚುವ ಫೋನಿನ ಗಾಜು ಬಾಗಿದರೂ ಒಡೆಯೋದಿಲ್ಲ ಯಾಕೆ? ಎಚಿಂಗ್ ಯಾಕೆ ಮಾಡ್ತಾರೆ?

ಬೆಳಗಾವಿ ಸಂತೆಯಲ್ಲಿ ಬಿದಿರು ಬುಟ್ಟಿ ನೋಡಿದ್ದೀರಲ್ವಾ? ದಪ್ಪ ಬಿದಿರು ಬಾಗಿಸಿದರೆ ಮುರಿಯುತ್ತದೆ, ತೆಳ್ಳಗೆ ಸೀಳಿದರೆ ಸಲೀಸಾಗಿ ಬಾಗುತ್ತದೆ. ಗಾಜೂ ಹಾಗೇ. ದಪ್ಪ ಅರ್ಧಕ್ಕಿಳಿದರೆ, ಅಷ್ಟೇ ಬಾಗಿಸಿದಾಗ ಹೊರಮೈ ಮೇಲಿನ ಎಳೆತವೂ ಅರ್ಧಕ್ಕಿಳಿಯುತ್ತದೆ. 2020ರ ಗ್ಯಾಲಕ್ಸಿ ಝಡ್ ಫ್ಲಿಪ್ ಅನ್ನೋ ಮಡಚುವ ಫೋನಿನ ಗಾಜು ಸುಮಾರು 30 ಮೈಕ್ರಾನ್ ಮಾತ್ರ, ತಲೆಕೂದಲಿಗಿಂತ ತೆಳು.

ಎಚಿಂಗ್ ಅಂದರೆ ಹೈಡ್ರೋಫ್ಲೋರಿಕ್ ಆಮ್ಲದಂಥ ದ್ರಾವಣದಿಂದ ಗಾಜಿನ ಮೈ ಕರಗಿಸುವುದು. ಗಾಜು ತೆಳುವಾಗುತ್ತದೆ, ಜೊತೆಗೆ ಕತ್ತರಿಸಿದ ಅಂಚಿನಲ್ಲಿ ಉಳಿದ, ಕಣ್ಣಿಗೆ ಕಾಣದ ಬಿರುಕುಗಳ ಚೂಪು ತುದಿಗಳೂ ಮೊಂಡಾಗುತ್ತವೆ. ನನಗೆ ಇದೇ ದೊಡ್ಡ ಲಾಭ ಅನ್ಸುತ್ತೆ. ಗಾಜು ಒಡೆಯಲು ಶುರುವಾಗೋದೇ ಹೆಚ್ಚಾಗಿ ಅಲ್ಲಿಂದ. ಕೆಲವು ವಿನ್ಯಾಸಗಳಲ್ಲಿ ಮಡಿಕೆಯ ಜಾಗ ಮಾತ್ರ ತೆಳುಮಾಡಿ, ಆ ತಗ್ಗಿಗೆ ಪಾರದರ್ಶಕ ರಾಳ ತುಂಬುತ್ತಾರೆ.

ಮನೆಯಲ್ಲಿ ದಯವಿಟ್ಟು ಪ್ರಯತ್ನಿಸಬೇಡಿ. ಆ ಆಮ್ಲ ಚರ್ಮದೊಳಗೆ ಇಳಿದು ಮೂಳೆಗೂ ಹಾನಿ ಮಾಡುತ್ತದೆ.