ಸ್ವೀಡಿಷ್ ‘ಗಿಫ್ಟ್’ ಉಡುಗೊರೆ ಅಲ್ಲ

ಸ್ವೀಡಿಷ್ ಫಾರ್ಮ್ ಒಂದರಲ್ಲೂ ಒಂದು ಬಾಟಲಿಯ ಲೇಬಲ್ ಮೇಲೂ ‘gift’ ಅನ್ನೋ ಪದ ಕಂಡು, ಇಲ್ಲಿ ಉಡುಗೊರೆ ಯಾಕೆ ಬಂತು ಅಂತ ಕೇಳಿದ್ದೀರಿ. ನಿಮ್ಮ ಗೊಂದಲಕ್ಕೆ ಕಾರಣ ಎರಡೂ ಭಾಷೆಯಲ್ಲಿ ಸ್ಪೆಲ್ಲಿಂಗ್ ಒಂದೇ ಇರೋದು. ಇಂಗ್ಲಿಷಿನಲ್ಲಿ ಗಿಫ್ಟ್ ಅಂದ್ರೆ ಉಡುಗೊರೆ. ಸ್ವೀಡಿಷ್‌ನಲ್ಲಿ ಅದೇ ಪದವನ್ನು ‘ಯಿಫ್ಟ್’ ಅಂತಾರೆ, ಅರ್ಥ ಎರಡು: ವಿಷ, ಮದುವೆಯಾದವರು. ಮೊದಲು ಪದ ಎಲ್ಲಿದೆ ನೋಡಿ. ನೀವು ಕೇಳಿದ ಫಾರ್ಮ್‌ನಲ್ಲಿ ವೈವಾಹಿಕ ಸ್ಥಿತಿಯ ಸಾಲಿನಲ್ಲಿದ್ದರೆ ಮದುವೆಯಾಗಿದೆ ಅಂತ, ನಿಮಗೆ ಆಗಿದ್ದರೆ ಗುರುತು ಹಾಕಿ. ಆಮೇಲೆ ಬಾಟಲಿ. ಪೂರ್ತಿ ಲೇಬಲ್ ನೀವು ಬರೆದಿಲ್ಲ, ಆದರೆ ‘giftig’ (ಯಿಫ್ಟಿಗ್) ಅಂತಿದ್ದರೆ ವಿಷಕಾರಿ, ದಯವಿಟ್ಟು ಮಕ್ಕಳಿಂದ ದೂರ ಇಡಿ.

ಮೂಲ ಎಲ್ಲಕ್ಕೂ ‘ಕೊಡು’ ಅನ್ನೋ ಕ್ರಿಯಾಪದವೇ. ನಾವೂ ‘ಮಗಳನ್ನು ಅವರ ಮನೆಗೆ ಕೊಟ್ಟಿದ್ದೇವೆ’ ಅಂತೀವಲ್ವಾ, ಹಾಗೇ ಮದುವೆಯ ಅರ್ಥ ಬಂತು. ವಿಷದ ಅರ್ಥ ಜರ್ಮನ್ ಕಡೆಯದು, ಕೊಟ್ಟ ಮದ್ದಿನ ಪ್ರಮಾಣ ಅನ್ನೋದರಿಂದ ಬೆಳೆದದ್ದು. ಉಡುಗೊರೆಗೆ ಸ್ವೀಡಿಷ್‌ನಲ್ಲಿ ‘ಪ್ರೆಸೆಂಟ್’ ಅನ್ನಿ.