ಹ್ಯಾಟು ಬಿದ್ದಾಗ ನಕ್ಕದ್ದು ತಪ್ಪೇ?

(ಈ ಸಲದ ಪ್ರಶ್ನೆಗಳೆಲ್ಲ ಒಬ್ಬರದ್ದೇ. ಹೆಸರು ಬೇಡ ಎಂದಿದ್ದಾರೆ. ಆರು ಪುಟದ ಕಾಗದವನ್ನು ಕತ್ತರಿಸಿ ಐದು ಪ್ರಶ್ನೆ ಮಾಡಿದ್ದೇನೆ. ಅಕ್ಷರ ಮುದ್ದಾಗಿದ್ದರಿಂದ ಕತ್ತರಿಸಲು ಸಂಕಟವಾಯಿತು.)

ಪ್ರಶ್ನೆ: ಮೇಷ್ಟ್ರೇ, ನಾನು ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ. ಎಳೆಯರು ಬೆಳೆದು ದೊಡ್ಡವರಾಗುವ ಕತೆಗಳು ನಮಗೆ ಈ ಬಾರಿ ಪಠ್ಯ. ಓದಿದ್ದಕ್ಕೂ ರಂಗದ ಮೇಲೆ ನೋಡಿದ್ದಕ್ಕೂ ನಮ್ಮ ಪ್ರತಿಕ್ರಿಯೆ ಬರೆದು ಒಂದು ನೋಟ್‌ಬುಕ್ ಒಪ್ಪಿಸಬೇಕು. ಚಾರ್ಲ್ಸ್ ಡಿಕನ್ಸ್ ಬರೆದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಓದಿದ ಎರಡು ವಾರಕ್ಕೆ ಅದರ ನಾಟಕ ನೋಡಿದೆ. ಕಮ್ಮಾರ ಜೋ ಪಟ್ಟಣಕ್ಕೆ ಪಿಪ್‌ನನ್ನು ನೋಡಲು ಬರುವ ಭಾಗ ಓದುವಾಗ ಅತ್ತಿದ್ದೆ. ಅದೇ ಭಾಗ ನಾಟಕದಲ್ಲಿ ಬಂದಾಗ, ಅವನ ಹ್ಯಾಟು ಮತ್ತೆ ಮತ್ತೆ ಬೀಳುವುದನ್ನು ನೋಡಿ, ಎಲ್ಲರ ಜೊತೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮನೆಗೆ ಬಂದ ಮೇಲೆ ಏನೋ ಕಸಿವಿಸಿ. ‘ನಾಟಕ ಕಾದಂಬರಿಗೆ ನ್ಯಾಯ ಒದಗಿಸಿಲ್ಲ’ ಎಂದು ಬರೆದು, ಎರಡು ಪುಟ ಕತೆ ಹೇಳಿ ಮುಗಿಸಿದೆ. ಮೇಡಂ ಕೆಂಪು ಶಾಯಿಯಲ್ಲಿ ‘ಇದು ಸಾರಾಂಶ. ಇದರಲ್ಲಿ ನೀನೆಲ್ಲಿ?’ ಎಂದು ಬರೆದು ವಾಪಸ್ ಕೊಟ್ಟಿದ್ದಾರೆ. ನಕ್ಕದ್ದನ್ನು ಬರೆದರೆ ನನ್ನನ್ನು ಏನಂದುಕೊಂಡಾರು? ನನ್ನ ಅಳು ಸುಳ್ಳೋ, ನಗು ಸುಳ್ಳೋ?

ಉತ್ತರ: ಎರಡೂ ನಿಜ. ತಮಾಷೆ ನೋಡಿ, ನೋಟ್‌ಬುಕ್ಕಿಗೆ ಸೇರಬೇಕಾಗಿದ್ದ ನಾಲ್ಕು ಸಾಲನ್ನು ನನಗೆ ಬರೆದಿದ್ದೀರಿ, ಯಾರಿಗೂ ಬೇಡದ ಸಾರಾಂಶವನ್ನು ಮೇಡಂಗೆ ಒಪ್ಪಿಸಿದ್ದೀರಿ. ಕೆಂಪು ಶಾಯಿ ಬಿದ್ದದ್ದು ಸರಿಯಾಗಿಯೇ ಇದೆ.

ಕಾದಂಬರಿ ಓದದವರಿಗಾಗಿ ಆ ಸಂದರ್ಭವನ್ನು ಹೇಳಿಬಿಡುತ್ತೇನೆ. ಅಪ್ಪ ಅಮ್ಮ ಇಲ್ಲದ ಪಿಪ್‌ನನ್ನು ಅಕ್ಕ ಗದರಿ, ಬಡಿದು ಬೆಳೆಸುತ್ತಾಳೆ. ಅಕ್ಕನ ಗಂಡ ಜೋ ಅವನಿಗೆ ಭಾವನೂ ಹೌದು, ಇದ್ದೊಬ್ಬ ಗೆಳೆಯನೂ ಹೌದು. ಯಾರೋ ಗುಟ್ಟಾಗಿ ಕೊಟ್ಟ ದುಡ್ಡಿನಲ್ಲಿ ಪಿಪ್ ಲಂಡನ್ನಿಗೆ ಹೋಗಿ ದೊಡ್ಡಮನುಷ್ಯನಾಗುವುದನ್ನು ಕಲಿಯುತ್ತಿರುವಾಗ ಜೋ ಅವನನ್ನು ನೋಡಲು ಬರುತ್ತಾನೆ. ಮೈಗೆ ಒಗ್ಗದ ಬಟ್ಟೆ. ಕೈಯಲ್ಲಿ ಹ್ಯಾಟು, ಮೊಟ್ಟೆಗಳಿರುವ ಹಕ್ಕಿಗೂಡನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿರುತ್ತಾನೆ, ಯಾರು ಕೇಳಿದರೂ ಕೊಡುವುದಿಲ್ಲ. ಕೊನೆಗೆ ಅದನ್ನು ಅಗ್ಗಿಷ್ಟಿಕೆಯ ಮೇಲಿನ ಕಟ್ಟೆಯ ತುತ್ತತುದಿಗೆ ಇಡುತ್ತಾನೆ. ಬೀಳುತ್ತದೆ. ಓಡಿ ಹಿಡಿದು ಇಡುತ್ತಾನೆ. ಮತ್ತೆ ಬೀಳುತ್ತದೆ. ಒಮ್ಮೆಯಂತೂ ನೆಲಕ್ಕೆ ಬೀಳುವ ಬದಲು ಟೀ ಗಸಿ ಚೆಲ್ಲುವ ಬೋಗುಣಿಗೇ ಬೀಳುತ್ತದೆ.

ಇದು ಪುಸ್ತಕದಲ್ಲೂ ನಗುವಂಥದ್ದೇ. ಮತ್ತೆ ನೀವು ಅತ್ತದ್ದೇಕೆ? ಏಕೆಂದರೆ ಪುಸ್ತಕದಲ್ಲಿ ಇದನ್ನು ಹೇಳುತ್ತಿರುವವನು ಬೇರೊಬ್ಬ ಪಿಪ್. ಕಾದಂಬರಿ 1860ರ ಡಿಸೆಂಬರಿನಿಂದ 1861ರ ಆಗಸ್ಟ್‌ವರೆಗೆ ಡಿಕನ್ಸನ ಸ್ವಂತ ಪತ್ರಿಕೆಯಲ್ಲಿ ವಾರವಾರ ಬಂತು. ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ‘ನಾನು’ ಎನ್ನುವವನು ವಯಸ್ಸಾದ ಪಿಪ್. ದುಡ್ಡು ಕೊಟ್ಟು ಜೋ ಬಾರದಂತೆ ಮಾಡಬಹುದಾಗಿದ್ದರೆ ಖಂಡಿತ ಕೊಟ್ಟುಬಿಡುತ್ತಿದ್ದೆ ಎಂದು ಒಪ್ಪಿಕೊಳ್ಳುವವನು ಅವನು. ನಾನು ಸ್ವಲ್ಪ ಸಲೀಸಾಗಿ ಇದ್ದಿದ್ದರೆ ಜೋನೂ ಸಲೀಸಾಗಿ ಇರುತ್ತಿದ್ದ, ತಪ್ಪೆಲ್ಲ ನನ್ನದೇ ಎಂದು ಹ್ಯಾಟಿನ ಪ್ರಸಂಗದ ಹಿಂದೆಯೇ ಹೇಳುವವನೂ ಅವನೇ. ಎಳೆಯ ಪಿಪ್‌ಗೆ ಜೋನನ್ನು ಕಂಡು ನಾಚಿಕೆ. ಹಳೆಯ ಪಿಪ್‌ಗೆ ಆ ನಾಚಿಕೆಯನ್ನು ನೆನೆದು ನಾಚಿಕೆ. ನೀವು ಓದುತ್ತಾ ಕೂತದ್ದು ಹಳೆಯವನ ಪಕ್ಕದಲ್ಲಿ.

ರಂಗದ ಮೇಲೆ ಆ ಹಳೆಯವನಿಲ್ಲ. (ಕೆಲವು ನಿರ್ದೇಶಕರು ಮೂಲೆಯಲ್ಲಿ ಒಬ್ಬ ನಿರೂಪಕನನ್ನು ನಿಲ್ಲಿಸುತ್ತಾರೆ. ಅವನು ನಿಂತಲ್ಲೇ ಒಣಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.) ಅಲ್ಲಿರುವುದು ಹ್ಯಾಟು, ಪೇಚಾಡುವ ಜೋ, ಮುಖ ಕಿವುಚುವ ಎಳೆಯ ಪಿಪ್ ಅಷ್ಟೇ. ನಡೆಯುತ್ತಿರುವುದೆಲ್ಲ ಈಗ. ಆ ಕೋಣೆಯಲ್ಲಿ ನೀವು ಯಾರ ಪಕ್ಕದಲ್ಲಿ ಕೂರಬೇಕು? ಪಟ್ಟಣದವರ ಪಕ್ಕದಲ್ಲೇ. ಒಬ್ಬ ಒಳ್ಳೆಯ ಮನುಷ್ಯನಿಗೆ ಹ್ಯಾಟು ಇಡಲು ಬರುವುದಿಲ್ಲವೆಂದು ನೀವು ನಕ್ಕಿರಿ. ಪಿಪ್ ಮಾಡಿದ್ದನ್ನು ಪುಸ್ತಕ ನಿಮಗೆ ತಿಳಿಸಿತ್ತು. ನಾಟಕ ಅದನ್ನು ನಿಮ್ಮ ಕೈಯಲ್ಲೇ ಮಾಡಿಸಿತು. ಮನೆಗೆ ಬಂದ ಮೇಲೆ ಕಸಿವಿಸಿಯಾಯಿತು ಅಂದಿರಲ್ಲ, ಹಳೆಯ ಪಿಪ್ ಆಗ ಬಂದ. ನಾಟಕ ನ್ಯಾಯ ಒದಗಿಸಿಲ್ಲ ಅನ್ನುವುದು ಹೇಗೆ?

ಇದರಲ್ಲಿ ನನ್ನದೂ ಒಂದು ಕತೆ ಇದೆ. ಬಹಳ ಹಿಂದೆ ಒಂದು ಹವ್ಯಾಸಿ ತಂಡ ಇದೇ ಕತೆಯ ಕೆಲವು ದೃಶ್ಯಗಳನ್ನು ಕನ್ನಡಕ್ಕೆ ತಂದು ಆಡಿತ್ತು. ನಾನು ಪ್ರಾಂಪ್ಟರ್, ನಟರು ಮರೆತ ಮಾತನ್ನು ಮರೆಯಿಂದ ಹೇಳಿಕೊಡುವವನು. ರಂಗದ ಪಕ್ಕದ ವಿಂಗ್‌ನಲ್ಲೊಂದು ಕುಂಟು ಸ್ಟೂಲು, ಟಾರ್ಚಿಗೆ ಸುತ್ತಿದ ನೀಲಿ ಜಿಲೆಟಿನ್ ಕಾಗದ, ಬೆರಳು ಸಾಲಿನ ಮೇಲೆ. ಮೂಲದಲ್ಲಿ ಜೋ ಬಂದೊಡನೆ ‘ಪಿಪ್’ ಎನ್ನುತ್ತಾನೆ, ಆಮೇಲೆ ಜಾಗದ ಠೀವಿ ಕಂಡು ‘ಸರ್’ ಎನ್ನತೊಡಗುತ್ತಾನೆ, ಹೊರಡುವಾಗ ಮತ್ತೆ ‘ಪಿಪ್’. ರೂಪಾಂತರ ಮಾಡಿದವರು ಬಲು ಜಾಣರು, ಇದನ್ನೆಲ್ಲ ‘ನೀನು’ ಮತ್ತು ‘ತಾವು’ಗಳಲ್ಲೇ ಮುಗಿಸಿದ್ದರು. ಇಂಗ್ಲಿಷಿಗೆ ಇಲ್ಲದ ಅನುಕೂಲ ಇದು. ಮೊದಲ ತಾಲೀಮಿನಲ್ಲಿ ನಟ ‘ತಾವು’ ಎಂದಾಗ ಅವನು ತಪ್ಪಿದನೆಂದುಕೊಂಡು ನಾನು ವಿಂಗ್‌ನಿಂದ ‘ನೀನು, ನೀನು’ ಎಂದು ಪಿಸುಗುಟ್ಟಿದೆ. ನಿರ್ದೇಶಕರು ಕೈಯಲ್ಲಿದ್ದ ಪೆನ್ಸಿಲನ್ನು ನನ್ನತ್ತ ಎಸೆದರು.

ಹ್ಯಾಟು ತಾನಾಗಿ ಬೀಳುತ್ತಿರಲಿಲ್ಲ. ಅದರ ಅಂಚಿಗೆ ಗಾಳದ ನೂಲು ಕಟ್ಟಿ, ಪರದೆಯ ಹಿಂದಿನಿಂದ ಒಬ್ಬ ಹುಡುಗ ಎಳೆಯುತ್ತಿದ್ದ. ಲೆಕ್ಕ ನಾಲ್ಕು. ನಾಲ್ಕು ಸಲವೂ ಜನ ನಗುತ್ತಿದ್ದರು, ನಾಲ್ಕನೆಯದಕ್ಕೆ ಚಪ್ಪಾಳೆಯೂ ಬೀಳುತ್ತಿತ್ತು. ಮೂರನೆಯ ಪ್ರದರ್ಶನದ ದಿನ ಹುಡುಗ ನೂಲು ಬಿಚ್ಚುವುದನ್ನು ಮರೆತ. ಜೋ ಹೊರಡುವ ಹೊತ್ತು. ಈ ಬಟ್ಟೆಯಲ್ಲಿ ನಾನು ನಾನಲ್ಲ, ಕುಲುಮೆಯ ಮುಂದೆ ಸುತ್ತಿಗೆ ಹಿಡಿದು ನಿಂತವನನ್ನು ನೆನಪಿಸಿಕೋ, ಆಗ ನನ್ನಲ್ಲಿ ಇಷ್ಟೊಂದು ಕುಂದು ಕಾಣಿಸದು ಎಂಬ ಅರ್ಥದ ಮಾತು. ‘ತಾವು’ ಹೋಗಿ ‘ನೀನು’ ಬಂದಾಗಿತ್ತು. ಮಾತು ಮುಗಿಸಿ ಹ್ಯಾಟು ಎತ್ತಿಕೊಂಡು ಎರಡು ಹೆಜ್ಜೆ ಇಟ್ಟ, ನೂಲು ಬಿಗಿಯಿತು, ಹ್ಯಾಟು ಕೈಯಿಂದ ಹಾರಿ ದೊಪ್ಪನೆ ಬಿತ್ತು. ಐದನೆಯ ಸಲ. ನನಗೆ ಎದೆ ಧಸಕ್ಕೆಂದಿತು, ಈಗ ನಗುತ್ತಾರೆ, ದೃಶ್ಯ ಹಾಳಾಯಿತು ಅಂದುಕೊಂಡೆ. ಒಬ್ಬರೂ ನಗಲಿಲ್ಲ. ಯಾರೋ ಕೆಮ್ಮುತ್ತಿದ್ದವರೂ ನಿಲ್ಲಿಸಿದರು. ನಟ ಬಗ್ಗಿ ಎರಡೂ ಕೈಯಲ್ಲಿ ಅದನ್ನೆತ್ತಿ, ನೂಲು ಕಿತ್ತು, ಪಿಪ್‌ನ ಹಣೆಯನ್ನೊಮ್ಮೆ ಮುಟ್ಟಿ ಹೋದ. ನಾಲ್ಕು ಸಲ ನಕ್ಕ ಜನವೇ ಅವರು. ಮರುದಿನದಿಂದ ಐದನೆಯದನ್ನೂ ಉದ್ದೇಶಪೂರ್ವಕ ಬೀಳಿಸಿದರು. ಒಂದು ದಿನವೂ ಹಾಗಾಗಲಿಲ್ಲ.

ನೋಟ್‌ಬುಕ್ಕಿಗೆ ಬನ್ನಿ. ನಕ್ಕದ್ದನ್ನು ಬರೆಯಿರಿ, ಎಷ್ಟನೆಯ ಸಲ ಬಿದ್ದಾಗ ನಗು ನಿಂತಿತು ಎನ್ನುವುದನ್ನೂ ಬರೆಯಿರಿ. ಪಕ್ಕದಲ್ಲಿ ಕೂತವರು ನಕ್ಕದ್ದರಿಂದ ನಕ್ಕಿರೋ, ನಿಮಗೇ ನಗು ಬಂತೋ? ಒಬ್ಬರೇ ಓದುವಾಗ ಈ ಪ್ರಶ್ನೆ ಏಳುವುದೇ ಇಲ್ಲ. ಇಷ್ಟಕ್ಕೇ ಒಂದೂವರೆ ಪುಟ ತುಂಬುತ್ತದೆ. ಸಾರಾಂಶಕ್ಕೆ ಜಾಗವೇ ಉಳಿಯದು.

ಪ್ರಶ್ನೆ: ನಾಟಕದಲ್ಲಿ ಏಳು ವರ್ಷದ ಪಿಪ್‌ನನ್ನು ಮೂವತ್ತು ದಾಟಿದ ನಟರೊಬ್ಬರು ಮಾಡಿದರು. ದನಿ ಸಣ್ಣ ಮಾಡಿ, ಮೊಣಕಾಲು ಮಡಚಿ ಓಡಾಡಿದರು. ನಂಬುವುದಕ್ಕೇ ಆಗಲಿಲ್ಲ. ಇದು ನನ್ನ ಕಲ್ಪನೆಯ ಬಡತನವೇ?

ಉತ್ತರ: ಅಲ್ಲ. ತಪ್ಪು ವಯಸ್ಸಿನದ್ದಲ್ಲ, ಸಣ್ಣ ಮಾಡಿದ ದನಿಯದು. ಬೆಳೆಯಲೊಲ್ಲದ ಹುಡುಗನ ಕತೆ ‘ಪೀಟರ್ ಪ್ಯಾನ್’ 1904ರಲ್ಲಿ ಮೊದಲು ಬಂದದ್ದೇ ನಾಟಕವಾಗಿ, ಕಾದಂಬರಿಯಾದದ್ದು 1911ರಲ್ಲಿ. ಮೊದಲ ಪ್ರಯೋಗದಲ್ಲೇ ಪೀಟರ್ ಆದವರು ನೀನಾ ಬೂಸಿಕೋ ಎಂಬ ವಯಸ್ಕ ನಟಿ, ಆಮೇಲೂ ಎಷ್ಟೋ ಕಾಲ ಹೆಂಗಸರೇ ಆ ಪಾತ್ರ ಮಾಡಿಕೊಂಡು ಬಂದರು. ಜನ ಒಪ್ಪಿದರು. ಮಗುವಿನ ನಕಲು ಮಾಡುವ ನಟನನ್ನು ಒಪ್ಪುವುದು ಕಷ್ಟ. ಮಗುವಿಗೆ ಏನು ಬೇಕೋ ಅದನ್ನು ಗಟ್ಟಿಯಾಗಿ ಬೇಡುವ ನಟನಾದರೆ ಮೀಸೆ ಇದ್ದರೂ ನಡೆಯುತ್ತದೆ.

ಪುಸ್ತಕಕ್ಕೆ ಈ ತಾಪತ್ರಯವಿಲ್ಲ, ಅದರಲ್ಲಿ ಭಾಷೆಯೇ ಬೆಳೆಯಬಲ್ಲದು. ಜೇಮ್ಸ್ ಜಾಯ್ಸ್‌ನ ‘ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆ್ಯಸ್ ಎ ಯಂಗ್ ಮ್ಯಾನ್’ (1916) ಕೂಸಿಗೆ ಹೇಳುವ ಕತೆಯ ತೊದಲಿನಿಂದ ಶುರುವಾಗಿ, ಯುವಕನ ದಿನಚರಿಯ ಸಾಲುಗಳಲ್ಲಿ ಮುಗಿಯುತ್ತದೆ. ಗ್ರಂಥಾಲಯದಲ್ಲಿ ಸಿಕ್ಕರೆ ಮೊದಲ ಪುಟ, ಕಡೆಯ ಪುಟ ಎರಡನ್ನೇ ಓದಿ ನೋಡಿ. ನಡುವಿನದು ಪುರುಸೊತ್ತಾದಾಗ.

ಪ್ರಶ್ನೆ: ನಾಟಕದ ಕೊನೆಯಲ್ಲಿ ಪಿಪ್ ಮತ್ತು ಅವನು ಪ್ರೀತಿಸಿದ ಎಸ್ಟೆಲ್ಲಾ ಒಬ್ಬರನ್ನೊಬ್ಬರು ನೋಡಿ, ಎರಡು ಮಾತಾಡಿ ಬೇರೆಯಾದರು. ಪುಸ್ತಕದಲ್ಲಿ ಕೈ ಹಿಡಿದು ನಡೆಯುತ್ತಾರಲ್ಲ? ಹೀಗೆ ಬದಲಾಯಿಸಬಹುದೇ?

ಉತ್ತರ: ನಿರ್ದೇಶಕರು ಹೊಸದಾಗಿ ಕಟ್ಟಿದ್ದಲ್ಲ. ಡಿಕನ್ಸ್ ಮೊದಲು ಬರೆದದ್ದು ಆ ಬೇರೆಯಾಗುವ ಕೊನೆಯನ್ನೇ. ಅಚ್ಚಾಗುವ ಮೊದಲು ಗೆಳೆಯ, ಕಾದಂಬರಿಕಾರ ಬುಲ್ವರ್ ಲಿಟ್ಟನ್ ಬೇಡವೆಂದದ್ದಕ್ಕೆ ಬದಲಾಯಿಸಿದ. ಡಿಕನ್ಸ್ ತೀರಿಕೊಂಡ ಮೇಲೆ ಜಾನ್ ಫಾರ್ಸ್ಟರ್ ಬರೆದ ಅವನ ಜೀವನಚರಿತ್ರೆಯಲ್ಲಿ ಮೊದಲಿನದು ಬೆಳಕಿಗೆ ಬಂತು. ನನಗೆ ಅದೇ ಇಷ್ಟ.

ಪ್ರಶ್ನೆ: ಪಟ್ಟಿಯಲ್ಲಿ ಮುಕ್ಕಾಲು ಪಾಲು ಹುಡುಗರ ಕತೆಗಳೇ. ಹುಡುಗ ಮನೆ ಬಿಟ್ಟರೆ ಬೆಳವಣಿಗೆ. ಹುಡುಗಿಯ ಕತೆ ಮಾತ್ರ ಯಾಕೆ ಮದುವೆಗೆ ಬಂದು ನಿಲ್ಲುತ್ತದೆ?

ಉತ್ತರ: ಓದುಗರೇ ಹಾಗೆ ಕೇಳುತ್ತಿದ್ದರು. ಲೂಯಿಸಾ ಮೇ ಆಲ್ಕಾಟ್ 1868ರಲ್ಲಿ ‘ಲಿಟ್ಲ್ ವಿಮೆನ್’ ಮೊದಲ ಭಾಗ ತಂದಾಗ, ಅಕ್ಕತಂಗಿಯರು ಯಾರನ್ನು ಮದುವೆಯಾಗುತ್ತಾರೆ ಎಂದು ಕೇಳಿ ಹುಡುಗಿಯರು ಕಾಗದ ಬರೆದರು, ಅದೊಂದೇ ಹೆಣ್ಣಿನ ಬಾಳಿನ ಗುರಿ ಎನ್ನುವ ಹಾಗೆ. ಆಕೆ ದಿನಚರಿಯಲ್ಲಿ ಈ ಬಗ್ಗೆ ಸಿಡುಕಿ, ಯಾರನ್ನು ಮೆಚ್ಚಿಸುವುದಕ್ಕೂ ಅಕ್ಕತಂಗಿಯರಲ್ಲೊಬ್ಬಳಾದ ಜೋಳನ್ನು ಪಕ್ಕದ ಮನೆಯ ಹುಡುಗ ಲಾರಿಗೆ ಕೊಟ್ಟು ಮದುವೆ ಮಾಡುವುದಿಲ್ಲ ಎಂದು ಬರೆದುಕೊಂಡರು. (ಇವಳು ಬೇರೆ ಜೋ, ಗೊಂದಲ ಬೇಡ.) 1869ರ ಎರಡನೇ ಭಾಗದಲ್ಲಿ ಹಟ ಅರ್ಧ ಗೆದ್ದಿತು: ಜೋಗೆ ಮದುವೆಯಾಯಿತು, ಆದರೆ ಓದುಗರು ಬಯಸಿದವನ ಜೊತೆಗಲ್ಲ.

ನಿಮ್ಮ ಪಟ್ಟಿಯಲ್ಲಿಲ್ಲದ ಒಂದನ್ನು ನಾನು ಸೇರಿಸುತ್ತೇನೆ, ಗಿರೀಶ ಕಾರ್ನಾಡರ ‘ಯಯಾತಿ’ (1961). ಬರೆದಾಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಅಪ್ಪನ ಮುಪ್ಪನ್ನು ಮಗ ಪುರು ಹೊತ್ತುಕೊಳ್ಳುತ್ತಾನೆ, ಬೆಳೆಯುವ ಕತೆಯನ್ನೇ ತಿರುವುಮುರುವು ಮಾಡಿದ ಹಾಗೆ. ನಾವೆಲ್ಲ ಪುರುವಿನ ತ್ಯಾಗ ನೋಡುತ್ತಾ ಕೂರುತ್ತೇವೆ. ಆಗ ಚಿತ್ರಲೇಖೆ ಬಾಯಿ ತೆರೆಯುತ್ತಾಳೆ. ಹೊಸದಾಗಿ ಮದುವೆಯಾಗಿ ಬಂದವಳು. ಮಗನ ಯೌವನ ಪಡೆದವನು ಆ ಯೌವನಕ್ಕೆ ಸೇರಿದ ಹೆಂಡತಿಯನ್ನೂ ಪಡೆಯಬೇಕಲ್ಲವೇ ಎಂದು ಮಾವನ ಮುಖಕ್ಕೇ ಕೇಳುತ್ತಾಳೆ. ಯಯಾತಿಯ ಬಳಿ ಉತ್ತರವಿಲ್ಲ. ಅವಳು ವಿಷ ಕುಡಿಯುತ್ತಾಳೆ. ಇಡೀ ನಾಟಕದಲ್ಲಿ ಒಂದೇ ರಾತ್ರಿಗೆ ದೊಡ್ಡವಳಾದವಳು ಅವಳೊಬ್ಬಳೇ, ಆದರೂ ಅವಳ ಹೆಸರು ಶೀರ್ಷಿಕೆಯಲ್ಲಿಲ್ಲ. ಓದುವಾಗ ಅವಳ ಪುಟಗಳು ಸರಕ್ಕನೆ ಮುಗಿಯುತ್ತವೆ. ಒಳ್ಳೆಯ ನಟಿ ಸಿಕ್ಕರೆ ಮಾತ್ರ, ಆ ಪ್ರಶ್ನೆಯಾದ ಮೇಲಿನ ಮೌನದಲ್ಲಿ ಕುರ್ಚಿ ಚುಚ್ಚತೊಡಗುತ್ತದೆ. ನೋಡಲು ಸಿಕ್ಕರೆ ಬಿಡಬೇಡಿ.

ಪ್ರಶ್ನೆ: ಕೊನೆಯದು. ನನಗೆ ಹತ್ತೊಂಬತ್ತು. ಇವರಿಗೆಲ್ಲ ಏನೇನೋ ಆಗುತ್ತದೆ: ಕೈದಿ ಸಿಗುತ್ತಾನೆ, ಆಸ್ತಿ ಬರುತ್ತದೆ, ಶಾಪ ತಟ್ಟುತ್ತದೆ. ನನಗೆ ಏನೂ ಆಗಿಲ್ಲ. ‘ನನ್ನ ಬದುಕಿಗೆ ಹೋಲಿಸಿ ಬರೆಯಿರಿ’ ಎಂಬ ಕಡೆಯ ಪುಟಕ್ಕೆ ಏನು ಬರೆಯಲಿ?

ಉತ್ತರ: ಹೋಲಿಸಲು ಕೈದಿಯೇ ಸಿಗಬೇಕಿಲ್ಲ. ನಿಮ್ಮ ಆರನೆಯ ಪುಟದಲ್ಲಿ, ನಾನು ಕತ್ತರಿಸಿದ ಭಾಗದಲ್ಲಿ, ಒಂದು ಸಾಲಿದೆ: ನಾಟಕ ಮುಗಿದು ಹೊರಗೆ ಬಂದಾಗ ಗೇಟಿನ ಹತ್ತಿರ ಕರೆದೊಯ್ಯಲು ಕಾಯುತ್ತಿದ್ದ ಅಪ್ಪ ಜೋರಾಗಿ ನಿಮ್ಮ ಮನೆಹೆಸರು ಕೂಗಿದರು, ನೀವು ಗೆಳತಿಯರ ಮುಂದೆ ಕೇಳಿಸದವರಂತೆ ಎರಡು ನಿಮಿಷ ಚಪ್ಪಲಿ ಸರಿಮಾಡಿಕೊಳ್ಳುತ್ತಾ ನಿಂತಿರಿ. ಆಮೇಲೆ ಆ ಸಾಲಿನ ಮೇಲೆ ಅಡ್ಡಗೆರೆ ಎಳೆದಿದ್ದೀರಿ. ಗೆರೆ ತೆಳ್ಳಗಿತ್ತು, ಓದಲು ಬಂತು. ಕಡೆಯ ಪುಟಕ್ಕೆ ಅದನ್ನು ಹಾಕಿ. ಮೇಡಂ ಎಷ್ಟು ಅಂಕ ಕೊಟ್ಟರೆಂದು ಒಂದು ಕಾರ್ಡು ಬರೆಯಿರಿ.